ಅಸಿಸ್ಟೆಡ್ ಲಿವಿಂಗ್ ಖರ್ಚಿನ ಕ್ಲೇಮ್ ತಿರಸ್ಕೃತವಾದಾಗ ಮಾಡಬೇಕಾದದ್ದು

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹಿರಿಯರು ಅಸಿಸ್ಟೆಡ್ ಲಿವಿಂಗ್, ಅಂದರೆ ನಿತ್ಯದ ಕೆಲಸಗಳಿಗೆ ನೆರವು ಸಿಗುವ ವಸತಿ ಸಂಸ್ಥೆ, ಸೇರಿದಾಗ, ಅಲ್ಲಿನ ಬಾಡಿಗೆಯನ್ನಾಗಲಿ ನಿತ್ಯದ ಆರೈಕೆಯ ಖರ್ಚನ್ನಾಗಲಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಕೊಡುವುದಿಲ್ಲ. ಅದಕ್ಕೆಂದೇ ವರ್ಷಗಟ್ಟಲೆ ಪ್ರೀಮಿಯಂ ಕಟ್ಟಿದ ಲಾಂಗ್ ಟರ್ಮ್ ಕೇರ್ (ದೀರ್ಘಾವಧಿ ಆರೈಕೆ) ವಿಮೆಯೂ ಕೈಕೊಟ್ಟರೆ ಮನೆಯವರಿಗೆ ದಿಕ್ಕು ತೋಚದಂತಾಗುತ್ತದೆ. ಆಗ ಫೋನಿನಲ್ಲಿ ವಾದಕ್ಕಿಳಿಯದೆ, ಯಾವ ಷರತ್ತಿನ ಆಧಾರದ ಮೇಲೆ ಕ್ಲೇಮನ್ನು ನಿರಾಕರಿಸಲಾಗಿದೆ ಎಂಬುದನ್ನು ಲಿಖಿತವಾಗಿ ಕೇಳಿ. ಜೊತೆಗೆ ರೈಡರ್‌ಗಳನ್ನೂ (ಮೂಲ ಪಾಲಿಸಿಗೆ ಸೇರಿಸಿದ ಹೆಚ್ಚುವರಿ ಷರತ್ತುಗಳು) ಒಳಗೊಂಡ ಪೂರ್ಣ ಪಾಲಿಸಿಯನ್ನು ಮತ್ತು ಹಿರಿಯರನ್ನು ಪರೀಕ್ಷಿಸಿದ ಕಂಪನಿಯ ನರ್ಸ್ ಬರೆದ ವರದಿಯನ್ನು ತರಿಸಿಕೊಳ್ಳಿ.

ತಕರಾರು ಸಾಮಾನ್ಯವಾಗಿ ಹಿರಿಯರ ಸ್ಥಿತಿಯ ಬಗ್ಗೆ ಇರುತ್ತದೆ, ಇಲ್ಲವೇ ಅವರು ಸೇರಿರುವ ಜಾಗದ ಬಗ್ಗೆ. 1996ರ ಫೆಡರಲ್ ಕಾನೂನಿಗೆ ಒಳಪಡುವ ಪಾಲಿಸಿಗಳಲ್ಲಿ ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಊಟ, ಶೌಚ, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ ಎಂಬ 6 ಕೆಲಸಗಳಲ್ಲಿ ಕನಿಷ್ಠ 2ಕ್ಕೆ, ಕನಿಷ್ಠ 90 ದಿನಗಳವರೆಗೆ ಗಣನೀಯ ನೆರವು ಬೇಕಾಗುತ್ತದೆಂದು ವೈದ್ಯರು, ನರ್ಸ್ ಅಥವಾ ಪರವಾನಗಿ ಪಡೆದ ಸಮಾಜ ಕಾರ್ಯಕರ್ತರು ದೃಢೀಕರಿಸಬೇಕು. ಅಥವಾ ಮರೆವಿನ ಕಾಯಿಲೆ ಒಬ್ಬರನ್ನೇ ಬಿಡಲಾಗದಷ್ಟು ತೀವ್ರವಾಗಿರಬೇಕು. ಗಣನೀಯ ನೆರವೆಂದರೆ ಕೈಹಿಡಿದು ಮಾಡಿಸುವುದು ಮಾತ್ರವಲ್ಲ, ಬೀಳದಂತೆ ಪಕ್ಕದಲ್ಲೇ ನಿಂತಿರುವುದೂ ಹೌದು. ಹೆಚ್ಚಿನ ಕುಟುಂಬಗಳಿಗೆ ಈ ಎರಡನೆಯ ಅರ್ಥ ತಿಳಿದಿರುವುದಿಲ್ಲ.

ನನ್ನ ಅತ್ತೆಯವರನ್ನು ಪರೀಕ್ಷಿಸಲು ನರ್ಸ್ ಬಂದ ದಿನ ಅವರು ಇಸ್ತ್ರಿ ಮಾಡಿದ ಸೀರೆಯುಟ್ಟು ಕುಳಿತು, "ಸ್ನಾನ, ಬಟ್ಟೆ ಎಲ್ಲ ನಾನೇ ಮಾಡಿಕೊಳ್ಳುತ್ತೇನಮ್ಮ" ಎಂದುಬಿಟ್ಟರು. ಅದೇ ಬೆಳಿಗ್ಗೆ ಸಹಾಯಕಿ ಅವರ ತೋಳು ಹಿಡಿದು ಟಬ್ ದಾಟಿಸಿದ್ದಳು; ಸೀರೆಯ ನೆರಿಗೆ ಹಿಡಿದು ಸಿಕ್ಕಿಸಿದವಳೂ ಅವಳೇ. ಅಪರಿಚಿತರೆದುರು ಸ್ನಾನದ ವಿಷಯ ಮಾತನಾಡಲು ನಮ್ಮ ಹಿರಿಯರಿಗೆ ಸಂಕೋಚ, ಆದರೆ ವರದಿಯಲ್ಲಿ ಅದು "ಸ್ವಾವಲಂಬಿ" ಎಂದು ದಾಖಲಾಯಿತು. ಆದ್ದರಿಂದ ಪರೀಕ್ಷೆಯ ವೇಳೆ ಮಗನೋ ಮಗಳೋ ಸೊಸೆಯೋ ಜೊತೆಗಿದ್ದು, ವಾಸ್ತವವನ್ನು ಮೆಲ್ಲಗೆ ಹೇಳಲೇಬೇಕು. ನಮ್ಮ ಮೇಲ್ಮನವಿಯನ್ನು ಗೆಲ್ಲಿಸಿದ್ದು ಆ ಸಂಸ್ಥೆಯ ಮೂರು ವಾರಗಳ ದಿನಚರಿ: ಯಾವ ದಿನ, ಎಷ್ಟು ಗಂಟೆಗೆ, ಯಾವ ಕೆಲಸಕ್ಕೆ, ಯಾರು ನೆರವಾದರು ಎಂಬ ಒಂದೊಂದು ಸಾಲು. ವೈದ್ಯರ ಪತ್ರವೂ ಪಾಲಿಸಿಯ ಮಾತುಗಳಲ್ಲೇ ಇರುವಂತೆ ನೋಡಿಕೊಳ್ಳಿ. "ವಯಸ್ಸಾಗಿದೆ, ನಿಶ್ಶಕ್ತಿ ಇದೆ" ಎಂಬ ಒಕ್ಕಣೆ ಏನನ್ನೂ ಸಾಬೀತುಪಡಿಸುವುದಿಲ್ಲ.

ಜಾಗದ ಕುರಿತ ತಕರಾರು ಬೇರೆ ಬಗೆಯದು. ಹಳೆಯ ಪಾಲಿಸಿಗಳಲ್ಲಿ ಕೆಲವು ನರ್ಸಿಂಗ್ ಹೋಮನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟೆಡ್ ಲಿವಿಂಗ್‌ಗೆ ಪರವಾನಗಿ ನೀಡುವುದು ಸಮಾಜ ಸೇವಾ ಇಲಾಖೆ, ಅದೂ ಬೇರೆ ಹೆಸರಿನಲ್ಲಿ; ಹಾಗಾಗಿ ಪಾಲಿಸಿಯಲ್ಲಿರುವ ಹೆಸರಿಗೆ ಅದು ಹೊಂದದಿರಬಹುದು. ಹೆಸರು ಹೊಂದಲಿಲ್ಲವೆಂದು ಕೈಬಿಡದೆ, ಪಾಲಿಸಿಯ ವ್ಯಾಖ್ಯೆಯನ್ನು ಒಂದೊಂದು ಅಂಶವಾಗಿ ಬಿಡಿಸಿ, ಪ್ರತಿಯೊಂದಕ್ಕೂ ಪರವಾನಗಿ, ಸಿಬ್ಬಂದಿಯ ಪಾಳಿಪಟ್ಟಿ ಮುಂತಾದ ದಾಖಲೆಯನ್ನು ಜೋಡಿಸಿ. ಪಾಲಿಸಿಯಲ್ಲಿ ಹೆಸರಿಸದ ಬಗೆಯ ಆರೈಕೆಗೂ ಕಂಪನಿ ಒಪ್ಪಿ ಹಣ ಕೊಡಬಹುದೆನ್ನುವ ಪರ್ಯಾಯ ಆರೈಕೆ ಯೋಜನೆಯ ಷರತ್ತು ಇದೆಯೇ ಎಂದು ಹುಡುಕಿ. ಎರಡರ್ಥಕ್ಕೆ ಎಡೆಗೊಡುವ ಪದಗಳನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಪಾಲಿಸಿ ಬರೆದ ಕಂಪನಿಗೆ ವಿರುದ್ಧವಾಗಿಯೇ ಅರ್ಥೈಸುತ್ತವೆ.

ಹಣ ಶುರುವಾಗುವ ಮುನ್ನ ಕಾಯಬೇಕಾದ ದಿನಗಳ ಲೆಕ್ಕವನ್ನೂ ನೋಡಿ. 90 ದಿನವೆಂದರೆ ಕ್ಯಾಲೆಂಡರ್ ದಿನಗಳಾದರೆ ಮೂರು ತಿಂಗಳು. ಆರೈಕೆ ದೊರೆತ ದಿನಗಳನ್ನಷ್ಟೇ ಎಣಿಸುವುದಾದರೆ, ವಾರಕ್ಕೆ ಮೂರು ದಿನ ಸಹಾಯಕರು ಬರುತ್ತಿದ್ದವರಿಗೆ 30 ವಾರ.

ಪತ್ರದಲ್ಲಿ ತಿಳಿಸಿದ ಗಡುವಿನೊಳಗೆ ಮೇಲ್ಮನವಿಯನ್ನು ಸರ್ಟಿಫೈಡ್ ಅಂಚೆಯಲ್ಲಿ (ಕಳುಹಿಸಿದ್ದಕ್ಕೆ ದಾಖಲೆ ಸಿಗುವ ಅಂಚೆ) ಕಳುಹಿಸಿ, ಪ್ರೀಮಿಯಂ ಮನ್ನಾ ಆಗಿದೆಯೆಂಬ ಲಿಖಿತ ಸೂಚನೆ ಬರುವವರೆಗೆ ಕಟ್ಟುವುದನ್ನು ನಿಲ್ಲಿಸಬೇಡಿ. ರಾಜ್ಯದ ವಿಮಾ ಇಲಾಖೆಗೆ ದೂರು ಕೊಡಲು ಶುಲ್ಕವಿಲ್ಲ. ಕ್ಯಾಲಿಫೋರ್ನಿಯಾದ ಹೈಕ್ಯಾಪ್‌ನಂಥ ಉಚಿತ ಸಲಹಾ ಕೇಂದ್ರಗಳೂ ಇವೆ. ಪಾಲಿಸಿ ಉದ್ಯೋಗದಾತರ ಮೂಲಕ ಬಂದಿದ್ದರೆ ಮಾತ್ರ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅದಕ್ಕೆ ಉದ್ಯೋಗದಾತರು ಕೊಡುವ ಸೌಲಭ್ಯಗಳ ಕುರಿತ ಎರಿಸಾ ಎಂಬ ಫೆಡರಲ್ ಕಾನೂನು ಅನ್ವಯಿಸಬಹುದು. ಆಗ ನ್ಯಾಯಾಲಯವು ಅನೇಕ ವೇಳೆ ಮೇಲ್ಮನವಿಯ ಕಡತದಲ್ಲಿರುವುದನ್ನಷ್ಟೇ ಪರಿಶೀಲಿಸುವುದರಿಂದ, ಅಂಥ ಮೇಲ್ಮನವಿಯನ್ನು ಕಳುಹಿಸುವ ಮೊದಲೇ ವಕೀಲರಿಗೆ ತೋರಿಸಿ, ಬಿಟ್ಟುಹೋದ ದಾಖಲೆಗಳನ್ನು ಸೇರಿಸಿ.