‘ಅಂ ಕೂರ್ ಆನ್ ಇವೇರ್’ ಸಿನಿಮಾವನ್ನು ಕಿವಿ ಕೊಟ್ಟು ನೋಡುವುದು ಹೇಗೆ

ನನ್ನ ಹತ್ತಿರ ಪಿಟೀಲು ಕಲಿಯಲು ಬರುವವರಲ್ಲಿ ಸ್ವಲ್ಪ ದೊಡ್ಡವರಿಗೆ ನಾನು ಒಂದು ಫ್ರೆಂಚ್ ಸಿನಿಮಾ ನೋಡಿ ಅಂತ ಹೇಳುತ್ತಿರುತ್ತೇನೆ. ಕ್ಲೋದ್ ಸೋತೆ ನಿರ್ದೇಶಿಸಿದ ‘ಅಂ ಕೂರ್ ಆನ್ ಇವೇರ್’, 1992ರದ್ದು. ‘ಚಳಿಗಾಲದಲ್ಲಿ ಒಂದು ಹೃದಯ’ ಅಂತ ಅರ್ಥ. ನೋಡಿ ಬಂದವರಲ್ಲಿ ಅರ್ಧ ಜನ ಹೇಳುವುದು ಒಂದೇ ಮಾತು: “ಮಿಸ್, ಅದರಲ್ಲಿ ಏನೂ ನಡೆಯೋದೇ ಇಲ್ಲ.” ನಡೆಯುತ್ತದೆ. ಬಹುಪಾಲು ಕಿವಿಯಲ್ಲಿ ನಡೆಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಥೆ ಇಷ್ಟೇ. ಪ್ಯಾರಿಸ್‌ನಲ್ಲಿ ಪಿಟೀಲು ಮಾಡುವ, ರಿಪೇರಿ ಮಾಡುವ ಒಂದು ಅಂಗಡಿ. ಗಿರಾಕಿಗಳನ್ನು ಮಕ್ಸೀಮ್ ನೋಡಿಕೊಳ್ಳುತ್ತಾನೆ. ಉಳಿ, ಗೋಂದು, ಮರ ಎಲ್ಲ ಸ್ಟೆಫಾನ್‌ನದು. ಮಕ್ಸೀಮ್‌ಗೆ ಕಮೀಲ್ ಎಂಬ ಪಿಟೀಲುವಾದಕಿಯ ಮೇಲೆ ಪ್ರೀತಿ. ಕಮೀಲ್‌ಗೆ ಬರಬರುತ್ತಾ ಸ್ಟೆಫಾನ್ ಮೇಲೆ ಪ್ರೀತಿ. ಸ್ಟೆಫಾನ್ ಮಾತ್ರ ಯಾರನ್ನೂ ಪ್ರೀತಿಸುವುದಿಲ್ಲ ಅನ್ನುತ್ತಾನೆ. ಇದು ಮೊದಲೇ ಗೊತ್ತಿದ್ದರೆ ನಷ್ಟವೇನಿಲ್ಲ.

ಮೊದಲ ದಿನ ಸಿನಿಮಾ ಹಾಕಬೇಡಿ. ಫ್ರೆಂಚ್ ಸಂಗೀತ ರಚನಕಾರ ರವೆಲ್‌ನ ಪಿಯಾನೊ ಟ್ರಯೊ ಕೇಳಿ. ಪಿಯಾನೊ, ಪಿಟೀಲು, ಚೆಲ್ಲೊ, ಮೂರೇ ವಾದ್ಯ. ಸಿನಿಮಾದ ತುಂಬ ಇರುವುದು ರವೆಲ್‌ನ ಸಂಗೀತ. ಅದರಲ್ಲಿ ಈ ಟ್ರಯೊ ಮುಖ್ಯ. ನಾಲ್ಕು ಭಾಗಗಳಿವೆ, ಎಲ್ಲ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಮೊದಲನೆಯದನ್ನು ಎರಡು ಸಲ ಕೇಳಿ. ಎರಡನೇ ಸಲ ತೊಡೆಯ ಮೇಲೆ ಕೈ ತಟ್ಟುತ್ತಾ ಕೇಳಿ: ತಕಿಟ ತಕ ತಕಿಟ. ಮೂರು, ಎರಡು, ಮೂರು. ಒಟ್ಟು ಎಂಟು. ನಮ್ಮ ಆದಿತಾಳಕ್ಕೂ ಎಂಟೇ ಅಕ್ಷರ, ಆದರೆ ಅದು ನಾಲ್ಕು, ಎರಡು, ಎರಡು ಅಂತ ಒಡೆಯುತ್ತದೆ. ಕೂತರೆ ನೆಲ ಗಟ್ಟಿ ಇದೆ ಅನ್ನಿಸುತ್ತದೆ. ರವೆಲ್‌ನ ಎಂಟು ಹಾಗಲ್ಲ. ಪ್ರತಿ ಸಲ ಯಾರೋ ಹತ್ತಿರ ಬಂದು, ಒಂದು ಹೆಜ್ಜೆ ಹಿಂದೆ ಸರಿದ ಹಾಗೆ. ಸ್ಟೆಫಾನ್ ಇಡೀ ಸಿನಿಮಾದಲ್ಲಿ ಮಾಡುವುದೂ ಇದನ್ನೇ. ಈ ಲಯ ಮೈಗೆ ಹತ್ತಿದ್ದರೆ ಅವನು ಅರ್ಧ ಅರ್ಥವಾದ ಹಾಗೆ.

ಇದನ್ನು ರವೆಲ್ ಮುಗಿಸಿದ್ದು 1914ರ ಬೇಸಿಗೆಯಲ್ಲಿ, ಸೇಂಟ್ ಜಾನ್ ದ ಲೂಜ್ ಎಂಬ ಕಡಲೂರಿನಲ್ಲಿ. ಆಗಸ್ಟ್‌ನಲ್ಲಿ ಫ್ರಾನ್ಸ್ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಸೇನೆಗೆ ಸೇರುವ ಆತುರದಲ್ಲಿ ಹಗಲೂ ರಾತ್ರಿ ಬರೆದು ಮುಗಿಸಿದ. ಆದರೂ ಸಂಗೀತದಲ್ಲಿ ಎಲ್ಲೂ ಅವಸರ ಕೇಳುವುದಿಲ್ಲ. ಒಳಗೆ ಎಷ್ಟು ಕುದಿಯುತ್ತಿದ್ದರೂ ಮೇಲೆ ಅಷ್ಟು ಅಚ್ಚುಕಟ್ಟು! ರವೆಲ್ ಮದುವೆಯಾಗಲಿಲ್ಲ. ಕೀಲಿ ಕೊಟ್ಟರೆ ಆಡುವ ಗೊಂಬೆಗಳೆಂದರೆ ಅವನಿಗೆ ಇಷ್ಟ. ಸ್ಟೆಫಾನ್‌ಗೂ ಅಂಥ ಗೊಂಬೆಗಳ ಹುಚ್ಚಿದೆ, ಗಮನಿಸಿ.

ಎರಡನೆಯದು, ಪಿಟೀಲಿನ ಒಳಗೆ ಏನಿದೆ ಅಂತ ತಿಳಿದಿರಬೇಕು. ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ ಕುದುರೆ ಅನ್ನುತ್ತೇವೆ. ಆ ಕುದುರೆಯ ಒಂದು ಕಾಲಿನ ಹತ್ತಿರ, ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ಒಂದು ಸಣ್ಣ ಮರದ ಕಡ್ಡಿ ನಿಂತಿರುತ್ತದೆ. ಸೌಂಡ್ ಪೋಸ್ಟ್ ಅನ್ನುತ್ತೇವೆ. ಅದಕ್ಕೆ ಗೋಂದು ಹಾಕುವುದಿಲ್ಲ. ತಂತಿಗಳ ಒತ್ತಡಕ್ಕೇ ನಿಲ್ಲುತ್ತದೆ. ಕೂದಲೆಳೆಯಷ್ಟು ಸರಿದರೂ ನಾದ ಬದಲಾಗುತ್ತದೆ. ನಾನು ಕಲಿಯುತ್ತಿದ್ದಾಗ ಒಂದು ಸಲ ಹಳೆಯ ತಂತಿ ಬದಲಾಯಿಸಲು ನಾಲ್ಕನ್ನೂ ಒಟ್ಟಿಗೇ ಬಿಚ್ಚಿಬಿಟ್ಟೆ. ಒಳಗೆ ಟಕ್ ಅಂತ ಸದ್ದಾಯಿತು. ಅಲುಗಾಡಿಸಿದರೆ ಕಡ್ಡಿ ಉರುಳಾಡುತ್ತಿತ್ತು. ರಿಪೇರಿ ಮಾಡುವ ಯಜಮಾನರು ಒಂದು ಸೊಟ್ಟ ಕಬ್ಬಿಣದ ಕಡ್ಡಿಯನ್ನು ಮೇಲಿನ ತೂತಿನಿಂದ ಒಳಗೆ ಬಿಟ್ಟು, ಉಸಿರು ಬಿಗಿಹಿಡಿದು, ಅದನ್ನು ಮತ್ತೆ ನಿಲ್ಲಿಸಿದರು. ಆಮೇಲೆ ಪಿಟೀಲನ್ನು ನನ್ನ ಕೈಗೆ ಕೊಟ್ಟು, “ನುಡಿಸಮ್ಮ” ಅಂದರು. ಅವರು ಕೇಳುತ್ತಿದ್ದ ರೀತಿಯನ್ನು ನಾನು ಮರೆತಿಲ್ಲ. ನನ್ನ ಮುಖ ನೋಡಲೇ ಇಲ್ಲ. ಆದರೆ ಅಷ್ಟು ಗಮನ ಕೊಟ್ಟು ನನ್ನನ್ನು ಯಾರೂ ಅಲ್ಲಿಯ ತನಕ ಕೇಳಿರಲಿಲ್ಲ.

ಈ ಕಡ್ಡಿಗೆ ಫ್ರೆಂಚ್‌ನಲ್ಲಿ ‘ಆಮ್’ ಅನ್ನುತ್ತಾರೆ. ಅಂದರೆ ಆತ್ಮ. ಬೇರೆಯವರ ವಾದ್ಯದ ಆತ್ಮವನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು ಸ್ಟೆಫಾನ್‌ನ ಕಸುಬು. ಕಮೀಲ್‌ಳ ಪಿಟೀಲು ಅವನ ಕೈಗೆ ಬಂದಾಗ ಇದನ್ನು ನೆನಪಿಡಿ. ಆ ದೃಶ್ಯಗಳಲ್ಲಿ ಸಬ್‌ಟೈಟಲ್ ಓದುವ ಅವಸರ ಬೇಡ. ಅವನ ಬೆರಳು ನೋಡಿ.

ಸಬ್‌ಟೈಟಲ್ ಅಂದಾಗ ಇನ್ನೊಂದು ಮಾತು. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಎಲ್ಲರೂ ಎಲ್ಲರಿಗೂ ‘ಯೂ’. ಫ್ರೆಂಚ್‌ನಲ್ಲಿ ನಮ್ಮ ಹಾಗೇ ಎರಡಿವೆ: ‘ತ್ಯು’ ಅಂದರೆ ನೀನು, ‘ವು’ ಅಂದರೆ ನೀವು. ಸ್ಟೆಫಾನ್, ಮಕ್ಸೀಮ್ ಇಬ್ಬರೂ ನೀನು ಅಂತ ಮಾತಾಡಿಕೊಳ್ಳುತ್ತಾರೆ. ಆದರೆ ಸ್ಟೆಫಾನ್ ಕಮೀಲ್‌ಗೆ ನೀವು ಅನ್ನುತ್ತಾನೆ. ಅವಳಿಗೆ ಅವನು ಹೇಳುವ ಆ ಕ್ರೂರ ಮಾತು ಕೂಡ “ನಾನು ನಿಮ್ಮನ್ನು ಪ್ರೀತಿಸುವುದಿಲ್ಲ” ಅಂತಲೇ ಇದೆ. ಇಂಗ್ಲಿಷಿನವರಿಗೆ ಇದು ಕೇಳಿಸದು. ನಮಗೆ ಕೇಳಿಸುತ್ತದೆ, ಅಲ್ವಾ? ‘ನಿನ್ನನ್ನು’ ಅಂದಿದ್ದರೆ ಜಗಳವಾಡಬಹುದಿತ್ತು. ‘ನಿಮ್ಮನ್ನು’ ಅಂದ ಮೇಲೆ ಏನು ಹೇಳುವುದು?

ನನಗೂ ಒಬ್ಬರು ಹಾಗೆ ಹೇಳಿದ್ದರು. ಮೃದಂಗ ನುಡಿಸುತ್ತಿದ್ದರು. ಮೂರು ವರ್ಷ ಅವರ ಪಕ್ಕದಲ್ಲಿ ಕೂತು ನುಡಿಸಿದ್ದೆ. ಒಂದೇ ಸಾಲನ್ನು ಬದಲಿಸಿ ನುಡಿಸುವ ನನ್ನ ಪ್ರತಿ ಸಂಗತಿಯನ್ನೂ ಅವರು ಹಿಡಿಯುತ್ತಿದ್ದರು, ನಾನು ಮುಗಿಸುವ ಮುಂಚೆಯೇ. ಇಷ್ಟು ಚೆನ್ನಾಗಿ ಕೇಳುವವರು ಪ್ರೀತಿಸದೇ ಇರುತ್ತಾರೆಯೇ ಅಂತ ನಾನು ಅಂದುಕೊಂಡಿದ್ದೆ. “ನಿಮ್ಮ ವಾದನ ನನಗೆ ತುಂಬಾ ಇಷ್ಟ,” ಅಂದರು. ಅಷ್ಟೇ. ಆ ವರ್ಷವೇ ನಾನು ಈ ಸಿನಿಮಾ ಮೊದಲ ಸಲ ನೋಡಿದ್ದು. ಸ್ಟೆಫಾನ್‌ನ ಮೇಲೆ ಬೆಂಕಿಯಂಥ ಸಿಟ್ಟು ಬಂತು. ಹದಿನೈದು ವರ್ಷ ಬಿಟ್ಟು ಮತ್ತೆ ನೋಡಿದಾಗ ಸಿಟ್ಟು ಬರಲಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ ಅಂತ ಕಂಡಿತು. ಕೇಳುವುದೊಂದೇ ಅವನಿಗೆ ಬರುವ ಪ್ರೀತಿ.

ಆದ್ದರಿಂದ ಮೂರನೆಯದು, ಇದೇ ಎಲ್ಲಕ್ಕಿಂತ ಮುಖ್ಯ: ಅಭ್ಯಾಸದ ಮತ್ತು ರೆಕಾರ್ಡಿಂಗ್ ದೃಶ್ಯಗಳಲ್ಲಿ ನುಡಿಸುವವಳನ್ನು ಬಿಟ್ಟು ಕೇಳುವವನನ್ನು ನೋಡಿ. ಇದು ಕಷ್ಟ. ಕಮೀಲ್ ಆಗಿ ನಟಿಸಿದ ಎಮಾನ್ಯುಯೆಲ್ ಬೇಆರ್ ಕಡೆಯಿಂದ ಕಣ್ಣು ಕೀಳಲಾಗುವುದಿಲ್ಲ. ಈ ಪಾತ್ರಕ್ಕಾಗಿಯೇ ಅವರು ಪಿಟೀಲು ಕಲಿತರು. ಕಮಾನು ಹಿಡಿದಿರುವ ಮಣಿಕಟ್ಟು ಎಷ್ಟು ಸಡಿಲವಾಗಿದೆ ನೋಡಿ. ನಮಗೆ ಕೇಳಿಸುವುದು ಜಾನ್ ಜಾಕ್ ಕಾಂತೊರೊವ್ ಅವರ ಪಿಟೀಲು. ಆದರೂ ಮೊದಲ ಸಲಕ್ಕೆ ಸ್ಟೆಫಾನ್ ಆಗಿ ನಟಿಸಿದ ಡಾನಿಯೆಲ್ ಓತೆಯ್ ಮುಖದಲ್ಲೇ ಇರಿ. ಅವರು ಹೆಚ್ಚೇನೂ ಮಾಡುವುದಿಲ್ಲ. ರೆಪ್ಪೆ ಬಡಿಯುವುದನ್ನು ಮರೆಯುತ್ತಾರೆ. ಕಮೀಲ್ ನೋಡಿದ್ದು ಅದನ್ನೇ. ನಾನೂ ನೋಡಿದ್ದು ಅದನ್ನೇ.

ಮುದುಕ ಮೇಷ್ಟ್ರು ಲಾಶೋಮ್ ಬಂದಾಗ ಎದ್ದು ಹೋಗಬೇಡಿ. ಕಥೆಗೆ ಸಂಬಂಧವಿಲ್ಲ ಅನ್ನಿಸಬಹುದು, ಆದರೆ ಇದೆ.

ಫೋನಿನಲ್ಲಿ ನೋಡಬೇಡಿ. ಸಿನಿಮಾ ಇರುವುದು ಒಂದೂಮುಕ್ಕಾಲು ಗಂಟೆ ಅಷ್ಟೇ. ರಾತ್ರಿ ಊಟ ಮುಗಿಸಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಒಬ್ಬರೇ ಕೂತರೆ ಒಳ್ಳೆಯದು. ನಡುವೆ ನಿಲ್ಲಿಸಬೇಡಿ. “ಇವನಿಗೇನೋ ಕಾಯಿಲೆ ಇರಬೇಕು” ಅಂತ ಹೆಸರಿಡುವ ಆಸೆ ಬರುತ್ತದೆ. ಇಡಬೇಡಿ. ಹೆಸರಿಟ್ಟ ತಕ್ಷಣ ಕೇಳುವುದು ನಿಂತುಹೋಗುತ್ತದೆ.

ಮುಗಿದ ಮೇಲೆ ದೀಪ ಹಾಕುವ ಮುಂಚೆ ಟ್ರಯೊದ ಮೂರನೇ ಭಾಗ ಹಾಕಿ. ಪಾಸಕಾಯ್ ಅಂತ ಅದರ ಹೆಸರು. ಪಿಯಾನೊದ ತೀರಾ ಕೆಳಗಿನ ಮನೆಗಳಲ್ಲಿ ಒಂದು ರಾಗ ಒಂಟಿಯಾಗಿ ಶುರುವಾಗುತ್ತದೆ. ಚೆಲ್ಲೊ ಅದನ್ನು ಎತ್ತಿಕೊಳ್ಳುತ್ತದೆ, ಆಮೇಲೆ ಪಿಟೀಲು. ಮೂರೂ ಸೇರಿ ಎತ್ತರಕ್ಕೆ, ಇನ್ನೂ ಎತ್ತರಕ್ಕೆ ಹೋಗುತ್ತವೆ. ಆಮೇಲೆ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಮೊದಲು ಪಿಟೀಲು ಬಿಟ್ಟುಹೋಗುತ್ತದೆ, ನಂತರ ಚೆಲ್ಲೊ. ಪಿಯಾನೊ ಶುರುವಾದಲ್ಲಿಗೇ, ಆ ತಳದ ಮನೆಗಳಿಗೇ, ಒಂಟಿಯಾಗಿ ಮರಳುತ್ತದೆ. ಅಲ್ಲಿ ವಾಲ್ಯೂಮ್ ಜಾಸ್ತಿ ಮಾಡಬೇಡಿ. ಸುಮ್ನೆ ಸ್ವಲ್ಪ ಮುಂದೆ ಬಾಗಿ ಕೇಳಿ.