ಹ್ಯಾನ್ಸೆಲ್–ಗ್ರೆಟೆಲ್ ಕಥೆಯ ಮುದುಕಿಯನ್ನು ಮಕ್ಕಳಿಗೆ ಹೇಗೆ ತೋರಿಸಬೇಕು

ಅಪ್ಪ-ಅಮ್ಮ ಕಾಡಿನಲ್ಲಿ ಬಿಟ್ಟುಬಂದ ಅಣ್ಣ ಹ್ಯಾನ್ಸೆಲ್, ತಂಗಿ ಗ್ರೆಟೆಲ್ ಮಕ್ಕಳನ್ನು ತಿನ್ನುವ ಮುದುಕಿಯ ಮನೆ ಸೇರುತ್ತಾರೆ. ಗ್ರಿಮ್ ಸೋದರರ ಈ ಜರ್ಮನ್ ಕಥೆಯನ್ನು ಆರು ದಾಟಿದ ಮಕ್ಕಳಿಗೆ ಹೇಳಬಹುದು. 20 ನಿಮಿಷ ಸಾಕು. ಮಲಗುವ ಹೊತ್ತಿಗೆ ಬೇಡ, ಸಂಜೆಯೇ ಹೇಳಿ. ಪ್ರಶ್ನೆಗಳು ಆಮೇಲೆ ಬರುತ್ತವೆ, ದೀಪ ಆರಿಸಿದ ಮೇಲೆ ಅವನ್ನು ಮಗು ಒಂಟಿಯಾಗಿ ನುಂಗಿಕೊಳ್ಳಬೇಕಾಗುತ್ತದೆ.

ಹೇಳುವವರು ಎಡವುವುದು ಮುದುಕಿ ಬರುವ ಜಾಗದಲ್ಲಿ. ಬಾಗಿಲು ತೆರೆಯುವ ಮೊದಲೇ ಗೊಗ್ಗರು ದನಿ ತೆಗೆದು ಕಣ್ಣು ಕೆಕ್ಕರಿಸಿದರೆ, ಕೆಟ್ಟವರನ್ನು ನೋಡಿದೊಡನೆ ಗುರುತಿಸಬಹುದು ಅಂತ ಮಗು ಕಲಿಯುತ್ತದೆ. ಅದು ತಪ್ಪು ಪಾಠ. ಮೂಲದಲ್ಲಿ ಆಕೆ ಮಕ್ಕಳ ಕೈ ಹಿಡಿದು ಒಳಗೆ ಕರೆದೊಯ್ಯುತ್ತಾಳೆ. ಹಾಲು, ಸಕ್ಕರೆ ಉದುರಿಸಿದ ಪ್ಯಾನ್‌ಕೇಕು, ಸೇಬು ಬಡಿಸಿ, ಬಿಳಿ ಹಾಸಿನ ಎರಡು ಪುಟ್ಟ ಹಾಸಿಗೆ ಹಾಸಿಕೊಡುತ್ತಾಳೆ. ಇದನ್ನು ಬಾಯಲ್ಲಿ ನೀರೂರುವಂತೆ, ಸ್ವಂತ ಅಜ್ಜಿಯ ದನಿಯಲ್ಲೇ ಹೇಳಿ. ನಮ್ಮ ಕಥೆಗಳ ಅಡುಗೂಲಜ್ಜಿ ಬೇಯಿಸಿ ಹಾಕುವ ಒಳ್ಳೆಯವಳು; ಅವಳ ಪರಿಚಯವಿರುವ ಮಗು ಇಲ್ಲಿ ಇನ್ನೂ ಸಲೀಸಾಗಿ ನಂಬುತ್ತದೆ. ನಂಬಲಿ. ಬೆಳಗ್ಗೆ ಹ್ಯಾನ್ಸೆಲ್‌ನನ್ನು ಕಂಬಿ ಬಾಗಿಲಿನ ಕೊಟ್ಟಿಗೆಗೆ ತಳ್ಳುವಾಗಲೂ ದನಿ ಬದಲಿಸಬೇಡಿ.

ಇನ್ನು ಅಪ್ಪ-ಅಮ್ಮ. 1812ರ ಮೊದಲ ಆವೃತ್ತಿಯಲ್ಲಿ ಕಾಡಿಗೆ ಬಿಟ್ಟುಬರೋಣ ಎನ್ನುವವಳು ಹೆತ್ತ ತಾಯಿಯೇ, 1840ರದರಲ್ಲಿ ಮಲತಾಯಿಯಾದಳು. ಮನೆಯಲ್ಲಿ ಮಲತಾಯಿ ಇದ್ದರೆ ಹಳೆಯ ಆವೃತ್ತಿಯೇ ವಾಸಿ. ತಪ್ಪೆಂದು ಗೊತ್ತಿದ್ದೂ ಒಪ್ಪಿಕೊಳ್ಳುವ ಅಪ್ಪನನ್ನಂತೂ ಕಥೆಯಿಂದ ಬಿಡಬೇಡಿ. "ನೀನೂ ನನ್ನ ಬಿಟ್ಟು ಹೋಗ್ತೀಯಾ?" ಅಂತ ಮಗು ಕೇಳಿದರೆ ಮೊದಲು "ಇಲ್ಲ" ಅನ್ನಿ, ಆಮೇಲೆ ಕಥೆ.

ಒಲೆಯ ಬಳಿ ನಿಧಾನಿಸಿ. ಒಳಗೆ ಹೊಕ್ಕು ಕಾದಿದೆಯಾ ನೋಡು ಅನ್ನುತ್ತಾಳೆ ಮುದುಕಿ. ಹೇಗೆ ಹೋಗೋದೋ ಗೊತ್ತಿಲ್ಲ ಅನ್ನುತ್ತಾಳೆ ಗ್ರೆಟೆಲ್. ತೋರಿಸಲು ಮುದುಕಿಯೇ ಬಗ್ಗುತ್ತಾಳೆ, ಗ್ರೆಟೆಲ್ ಅವಳನ್ನು ಒಲೆಯೊಳಗೆ ನೂಕುತ್ತಾಳೆ. ಹುಡುಗಿ ಹಿರಿಯರೊಬ್ಬರಿಗೆ ಸುಳ್ಳು ಹೇಳಿದಳು, ಮಾತು ಕೇಳಲಿಲ್ಲ, ಹಾಗಾಗಿಯೇ ಬದುಕಿದಳು. "ಆದರೂ ಸುಳ್ಳು ಹೇಳಬಾರದು ಕಂದಾ" ಅಂತ ಇಲ್ಲಿ ಬಾಲ ಅಂಟಿಸಿದರೆ ಅಷ್ಟೂ ಹೇಳಿದ್ದು ನೀರುಪಾಲು. ಹೊಂಚುಗಾರನಿಗೆ ಬೇಕಿರುವುದು ದೊಡ್ಡವರು ಹೇಳಿದ್ದನ್ನೆಲ್ಲ ಕೇಳುವ ಮಗುವೇ.

ಮುಗಿದ ಮೇಲೆ ಒಂದೇ ಪ್ರಶ್ನೆ ಸಾಕು: "ನಿಂಗೆ ಯಾವಾಗ ಅನುಮಾನ ಬಂತು?" ಹಾಸಿಗೆ ಹಾಸಿದಾಗ ಅಂದರೂ ಸರಿ, ಕೊಟ್ಟಿಗೆಗೆ ತಳ್ಳಿದಾಗ ಅಂದರೂ ಸರಿ, ತಿದ್ದಬೇಡಿ.

ಕೆಲವೊಮ್ಮೆ ಮಗು ಗುರುತಿನವರ ಹೆಸರೊಂದನ್ನು ಎತ್ತೀತು. "ಛೆ, ಮಾಮ ಹಾಗಲ್ಲ" ಅಂದುಬಿಟ್ಟರೆ ಆ ಬಾಯಿ ಮತ್ತೆ ತೆರೆಯದು. ಬೆದರದೆ, ಅಡ್ಡ ಬಾಯಿ ಹಾಕದೆ ಪೂರ್ತಿ ಕೇಳಿ. ಸುಮ್ಮನಿರುವ ವಿಷಯವಲ್ಲ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಕರೆಗೆ ದುಡ್ಡು ಬೀಳುವುದಿಲ್ಲ.