ಸೊಪ್ಪಿನ ತೋಟದ ಹಣ್ಣು, ಹಿತ್ತಲ ನಿಂಬೆ, ನನ್ನ ಓವನ್ನು

ನಮ್ಮ ಮನೆಯಲ್ಲಿ ಯಾರಾದರೂ ‘ಹಣ್ಣಾಯ್ತು’ ಎಂದರೆ ಹುಳು ಹಣ್ಣಾಯ್ತು ಎಂದೇ ಅರ್ಥ. ರೇಷ್ಮೆಹುಳು ಮೇಯುವುದು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಆಡಿಸತೊಡಗಿತೆಂದರೆ ಮನೆಮಂದಿಯೆಲ್ಲ ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಹಿಡಿದು ಓಡಬೇಕು. ಹಿಪ್ಪುನೇರಳೆ ಗಿಡದಲ್ಲಿ ತಿನ್ನುವ ಹಣ್ಣೂ ಬಿಡುತ್ತದೆ ಎನ್ನುವುದು ಶಿಡ್ಲಘಟ್ಟದ ಕಡೆಯ ನಮಗೆ ಲೆಕ್ಕಕ್ಕಿಲ್ಲದ ಸಂಗತಿ. ಬೆಲೆ ಇರುವುದು ಸೊಪ್ಪಿಗೆ. ಹಣ್ಣು ಮಕ್ಕಳಿಗೆ, ಹಕ್ಕಿಗೆ. ಉಳಿದದ್ದು ಸಾಲಿನ ಮಣ್ಣಿಗೆ. ಮದುವೆಯಾಗಿ ಬಂದು ಎಂಟು ವರ್ಷ ನಾನೂ ಅದನ್ನು ತುಳಿದುಕೊಂಡೇ ಓಡಾಡಿದವಳು.

ಚೀಟಿ ದುಡ್ಡು ಬಂದ ವರ್ಷ ಕರೆಂಟಿನಲ್ಲಿ ನಡೆಯುವ ಒಂದು ಸಣ್ಣ ಓವನ್ (ಓಟಿಜಿ) ತಂದೆ. ಮೊದಲು ಮಾಡಬೇಕೆನಿಸಿದ್ದು ಫೋನಿನಲ್ಲಿ ನೋಡಿದ ನಿಂಬೆ–ಬ್ಲೂಬೆರಿ ಕೇಕು. ಹಳದಿ ಕೇಕಿನ ಹೋಳಿನಲ್ಲಿ ನೀಲಿ ಹಣ್ಣು ಒಡೆದು ಹರಿದಿರುವ ಆ ಚಿತ್ರ ಕಣ್ಣಲ್ಲೇ ಕೂತಿತ್ತು. ಬೆಂಗಳೂರಿಗೆ ಹೋದವರ ಕೈಲಿ ಐಸ್‌ನಲ್ಲಿಟ್ಟ ಬ್ಲೂಬೆರಿ ಪೊಟ್ಟಣ ತರಿಸಿದೆ. ಬಸ್ಸಿನಲ್ಲಿ ದೇವನಹಳ್ಳಿ ದಾಟುವ ಹೊತ್ತಿಗೆ ಅದು ಕರಗಿ ಪಾಯಸವಾಗಿತ್ತಂತೆ. ಆ ಪೊಟ್ಟಣದ ದುಡ್ಡಿಗೆ ಒಂದು ವಾರದ ತರಕಾರಿ ಬರುತ್ತಿತ್ತು ಎಂದು ನಮ್ಮತ್ತೆ ಇವತ್ತಿಗೂ ನೆನಪಿಸುತ್ತಾರೆ. ಅಂದೇ ಸಂಜೆ ಬದುವಿನ ಮರದ ಕೆಳಗೆ ಮಗಳು ಬಾಯಿ, ಕೈ, ಲಂಗ ಎಲ್ಲ ನೇರಳೆ ಮಾಡಿಕೊಂಡು ಕೂತಿದ್ದಳು. ಬೈಯಲು ಹೋದವಳು ಹಾಗೇ ನಿಂತೆ.

ತೋಟದ ಸಾಲಿನ ಗಿಡಗಳಿಂದ ನಾನು ಹಣ್ಣು ಕೀಳುವುದಿಲ್ಲ. ಸೊಪ್ಪಿನ ರಸ ಹೀರುವ ಥ್ರಿಪ್ಸ್ ಕೀಟಕ್ಕೆಂದು ಔಷಧಿ ಹೊಡೆದಿರುತ್ತಾರೆ. ಅದರ ಘಾಟು ಇಳಿಯುವವರೆಗೆ ಹುಳಕ್ಕೇ ಸೊಪ್ಪು ಹಾಕುವುದಿಲ್ಲ, ಮನುಷ್ಯರ ಬಾಯಿಗೆ ಹೇಗೆ ಹಾಕುವುದು? ಬದುವಿನಲ್ಲಿ ಎರಡು ಹಳೇ ಮರಗಳಿವೆ, ಆಮೇಲೆ ಮರಗಡ್ಡಿ ಪದ್ಧತಿಯಲ್ಲಿ, ಅಂದರೆ ಮರವಾಗಿ ಬೆಳೆಯಲೆಂದು, ದೂರ ದೂರ ನೆಟ್ಟ ಇಪ್ಪತ್ತು ಗಿಡಗಳಿವೆ. ಇವಕ್ಕೆ ಔಷಧಿ ಸೋಕಿಸಬೇಡಿ ಎಂದು ನಮ್ಮೆಜಮಾನರ ಹತ್ತಿರ ಕಾಡಿ ಬೇಡಿ ಒಪ್ಪಿಸಿದ್ದೇನೆ. ಕೆಂಪು ಹಣ್ಣು ಬರೀ ಹುಳಿ. ಕಪ್ಪಾಗಿ, ಮುಟ್ಟಿದರೆ ಕೈಗೆ ಬರುವಂಥದ್ದೇ ಬೇಕು. ಹಳೇ ಸೀರೆ ಹಾಸಿ ಕೊಂಬೆ ಮೆಲ್ಲಗೆ ಅಲ್ಲಾಡಿಸಿದರೆ ಹಣ್ಣಾದದ್ದು ಮಾತ್ರ ಉದುರುತ್ತದೆ. ಪ್ರತಿ ಹಣ್ಣಿಗೂ ಒಂದು ಹಸಿರು ತೊಟ್ಟು ಅಂಟಿಕೊಂಡೇ ಇರುತ್ತದೆ, ಎಳೆದರೆ ಹಣ್ಣು ಹಿಸುಕಿ ಹೋಗುತ್ತದೆ. ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ಕತ್ತರಿಸುವುದೊಂದೇ ದಾರಿ. ಒಂದು ಕಿಲೋ ಹಣ್ಣಿಗೆ ಒಂದು ಧಾರಾವಾಹಿ ಮುಗಿಯುತ್ತದೆ.

ಇನ್ನು ನಿಂಬೆ. ಹೊರದೇಶದ ಅಳತೆಯಲ್ಲಿ ‘ಒಂದು ಲೆಮನ್’ ಎಂದಿರುತ್ತದೆ. ಅದು ನಮ್ಮ ನಿಂಬೆಹಣ್ಣಲ್ಲ. ನಮ್ಮದು ಲೈಮ್ ಜಾತಿಯ ಕಾಗ್ಜಿ ನಿಂಬೆ: ಗಾತ್ರ ಚಿಕ್ಕದು, ಸಿಪ್ಪೆ ತೆಳು, ಹುಳಿ ಚುರುಕು. ಅವರ ಒಂದು ಹಣ್ಣಿನ ರಸಕ್ಕೆ ನಮ್ಮವು ಎರಡು ಮೂರು ಬೇಕು. ಮೊದಲ ಸಲ ನಾನು ರಸವನ್ನೇ ಧಾರಾಳವಾಗಿ ಸುರಿದೆ. ಕೇಕು ಹುಳಿಯಾಯಿತೇ ಹೊರತು ನಿಂಬೆಯ ಘಮ ಬರಲಿಲ್ಲ. ಘಮ ಇರುವುದು ಸಿಪ್ಪೆಯ ಮೇಲ್ಪದರದ ಎಣ್ಣೆಯಲ್ಲಿ, ರಸದಲ್ಲಲ್ಲ. ಚಿತ್ರಾನ್ನ ಮಾಡುವ ಕೈಗೆ ಇದು ಸುಲಭಕ್ಕೆ ಹೊಳೆಯುವುದಿಲ್ಲ, ನಾವು ಹಿಂಡಿ ಸಿಪ್ಪೆ ಎಸೆಯುವವರಲ್ಲವೇ?

ಎರಡನೇ ಸಲ ಸಿಪ್ಪೆಯನ್ನು ಹುರುಪಿನಲ್ಲಿ ತುರಿದೆ. ಕಹಿ ಎಂದರೆ ಬೇವಿನ ಕಹಿ. ತೆಳು ಸಿಪ್ಪೆಯ ನಿಂಬೆಯಲ್ಲಿ ಎರಡನೇ ಸಲ ತುರಿಮಣೆಗೆ ಉಜ್ಜಿದರೆ ಒಳಗಿನ ಬಿಳಿ ಪದರ ಬಂದೇ ಬಿಡುತ್ತದೆ. ಈಗ ಶುಂಠಿ ತುರಿಯುವ ಸಣ್ಣ ಕಣ್ಣಿನ ತುರಿಮಣೆಯ ಮೇಲೆ ಒಂದು ಜಾಗದಲ್ಲಿ ಒಂದೇ ಉಜ್ಜು, ಹಣ್ಣು ತಿರುಗಿಸಿ ಮುಂದಿನದು. ಹಿಂಡುವ ಮೊದಲೇ ತುರಿಯಬೇಕು, ಹಿಂಡಿದ ಹೋಳನ್ನು ತುರಿಯಲು ಹೋದರೆ ಬೆರಳೇ ತುರಿಯುತ್ತದೆ. ತುರಿದದ್ದನ್ನು ನೇರ ಹಿಟ್ಟಿಗೆ ಹಾಕದೆ ಅಳೆದಿಟ್ಟ ಸಕ್ಕರೆಗೆ ಹಾಕಿ ಬೆರಳಲ್ಲಿ ಎರಡು ನಿಮಿಷ ತಿಕ್ಕುತ್ತೇನೆ. ಸಕ್ಕರೆ ಹರಳು ಸಿಪ್ಪೆಯ ಎಣ್ಣೆಯನ್ನು ಎಳೆದುಕೊಂಡು ಒದ್ದೆ ಮರಳಿನಂತಾಗುತ್ತದೆ, ಅಡುಗೆಮನೆ ಪೂರಾ ಘಮ್ಮೆನ್ನುತ್ತದೆ. ಮಳೆಗಾಲದಲ್ಲಿ ನಿಂಬೆ ಅಗ್ಗವಾದಾಗ ಇಂಥ ಸಕ್ಕರೆ ಮಾಡಿ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿಡುತ್ತೇನೆ. ಬೇಸಿಗೆಯಲ್ಲಿ ನಿಂಬೆ ಬೆಲೆ ಕೇಳಿದರೆ ಪಾನಕಕ್ಕೂ ಕೈ ಹಿಂಜರಿಯುತ್ತದೆ.

ಹಸಿರು ಕೇಕಿನ ಕಥೆ ಹೇಳಲೇಬೇಕು. ನಮ್ಮ ಬೀದಿಯಲ್ಲಿ ಸೋಮವಾರ, ಶನಿವಾರ ಮೊಟ್ಟೆ ಮುಟ್ಟದವರೇ ಹೆಚ್ಚು. ಅವರಿಗೆಂದು ಮೊಟ್ಟೆಯಿಲ್ಲದ ಕೇಕು ಮಾಡಿದೆ. ಚೆನ್ನಾಗಿ ಉಬ್ಬಲಿ ಎಂದು ಅಡುಗೆ ಸೋಡಾವನ್ನು ಒಂದು ಟೀ ಚಮಚ ತುಂಬ ಹಾಕಿದೆ, ಮೊಸರು ಇದ್ದದ್ದು ಅರ್ಧ ಲೋಟ. ಕೊಯ್ದು ನೋಡಿದರೆ ಹಣ್ಣಿನ ಸುತ್ತ ಪಾಚಿ ಕಟ್ಟಿದಂತೆ ಬೂದು ಹಸಿರು! “ಬೂಸ್ಟು ಹಿಡಿದದ್ದನ್ನ ತಂದಿದ್ದೀಯಲ್ಲಮ್ಮಾ” ಎಂದು ಪಕ್ಕದ ಮನೆ ಅಜ್ಜಿ ತಟ್ಟೆ ದೂಡಿದರು. ಬಿಸಿ ಬಿಸಿ ಕೇಕಿಗೆ ಬೂಸ್ಟು ಎಲ್ಲಿಂದ ಬರಬೇಕು? ಹೈಸ್ಕೂಲಿನಲ್ಲಿ ದಾಸವಾಳದ ನೀರಿಗೆ ನಿಂಬೆರಸ ಬಿಟ್ಟರೆ ಕೆಂಪು, ಸೋಪಿನ ನೀರು ಬಿಟ್ಟರೆ ಹಸಿರು ಆಗುವುದನ್ನು ತೋರಿಸಿದ್ದು ಆಗ ನೆನಪಾಯಿತು. ಹಿಪ್ಪುನೇರಳೆ, ನೇರಳೆ, ಬ್ಲೂಬೆರಿ, ಕಪ್ಪು ದ್ರಾಕ್ಷಿ ಎಲ್ಲದರ ಬಣ್ಣವೂ ಆಂಥೋಸಯಾನಿನ್ ಎಂಬ ಅದೇ ಜಾತಿಯದು. ಹುಳಿ ಇದ್ದಲ್ಲಿ ಕೆಂಪು, ಸೋಡಾ ಮಿಕ್ಕಿದಲ್ಲಿ ನೀಲಿ, ಹಸಿರು. ಅಂದಿನಿಂದ ಹಣ್ಣು ಹಾಕುವ ಕೇಕಿಗೆ ಬೇಕಿಂಗ್ ಪೌಡರು. ಸೋಡಾ ಹಾಕಲೇಬೇಕಾದರೆ ಕಾಲು ಚಮಚ, ಅದನ್ನು ಕೊಲ್ಲುವಷ್ಟು ಮೊಸರು ಮತ್ತು ನಿಂಬೆರಸ. ನಿಂಬೆರಸ ಕಡೆಯಲ್ಲಿ ಬೀಳಬೇಕು, ಬಿದ್ದ ಕೂಡಲೇ ತಟ್ಟೆ ಓವನ್ನಿಗೆ ಹೋಗಬೇಕು. ಸೋಡಾ ಮತ್ತು ಹುಳಿ ಸೇರಿ ಏಳುವ ಗುಳ್ಳೆ ಯಾರಿಗೂ ಕಾಯುವುದಿಲ್ಲ. ಫೋನು ಬಂತೆಂದು ಐದು ನಿಮಿಷ ಮಾತಿಗೆ ನಿಂತರೆ ಕೇಕು ಇಟ್ಟಿಗೆ.

ಈಗ ನಿಂತಿರುವ ನನ್ನ ಅಳತೆ ಹೀಗೆ. ಮೈದಾ 180 ಗ್ರಾಂ, ಬೇಕಿಂಗ್ ಪೌಡರು ಒಂದೂವರೆ ಟೀ ಚಮಚಕ್ಕಿಂತ ಚೂರು ಕಡಿಮೆ, ಚಿಟಿಕೆ ಉಪ್ಪು. ಸಕ್ಕರೆ 150 ಗ್ರಾಂ, ನಾಲ್ಕು ನಿಂಬೆಯ ಸಿಪ್ಪೆ ತುರಿ ತಿಕ್ಕಿದ್ದು. ಮೆತ್ತಗಿನ ಬೆಣ್ಣೆ 100 ಗ್ರಾಂ, ಮೊಟ್ಟೆ ಎರಡು, ಬಟ್ಟೆಯಲ್ಲಿ ಅರ್ಧ ಗಂಟೆ ನೇತುಹಾಕಿದ ಗಟ್ಟಿ ಮೊಸರು 120 ಗ್ರಾಂ, ನಿಂಬೆರಸ ಎರಡು ದೊಡ್ಡ ಚಮಚ, ಹಣ್ಣು 150 ಗ್ರಾಂ. 170 ಡಿಗ್ರಿಯಲ್ಲಿ ಐವತ್ತರಿಂದ ಐವತ್ತೈದು ನಿಮಿಷ. ಬೇಕಿಂಗ್ ಪೌಡರು ಚೂರು ಕಡಿಮೆ ಏಕೆಂದರೆ ನಮ್ಮ ಕಡೆ ನೆಲ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಗಾಳಿಯ ಒತ್ತಡ ಕಡಿಮೆ ಇದ್ದಲ್ಲಿ ಕೇಕು ಬೇಗ ಉಬ್ಬಿ, ಬೇಯುವ ಮೊದಲೇ ನಡು ಕುಸಿಯುತ್ತದೆ.

ಹಣ್ಣು ತಳಕ್ಕೆ ಇಳಿಯದಿರಲು ಮೈದಾದಲ್ಲಿ ಹೊರಳಿಸಿ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಮಾಡಿ ನೋಡಿದ್ದೇನೆ, ಅಷ್ಟೇನೂ ಫಲವಿಲ್ಲ. ಹಿಟ್ಟು ತೆಳ್ಳಗಿದ್ದರೆ ಮೈದಾ ಮೆತ್ತಿದ ಹಣ್ಣೂ ಮುಳುಗುತ್ತದೆ. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಮಚದಿಂದ ದಪ್ ಎಂದು ಬೀಳುವಂತಿರಬೇಕು. ಮೊಸರನ್ನು ನೇತುಹಾಕುವುದೂ ಅದಕ್ಕೇ. ಮೊದಲು ಬರೀ ಹಿಟ್ಟಿನ ಒಂದು ಪದರ, ಅದರ ಮೇಲೆ ಹಣ್ಣು ಕಲಸಿದ ಹಿಟ್ಟು, ಒಂದು ಹಿಡಿ ಹಣ್ಣು ಮೇಲೆ ಉದುರಿಸಿಡುವುದು. ಫ್ರೀಜರಿನ ಹಣ್ಣಾದರೆ ಕರಗಿಸದೆ ಕಲ್ಲಿನಂತಿರುವಾಗಲೇ ಹಾಕಬೇಕು. ಆ ಬಸ್ಸಿನ ಬ್ಲೂಬೆರಿ ಕಲಿಸಿದ ಪಾಠ ಇದು.

ಬ್ರೆಡ್ಡು ಕೇಕಿನಷ್ಟು ಕ್ಷಮಿಸುವುದಿಲ್ಲ. ಹಿಪ್ಪುನೇರಳೆಯಲ್ಲಿ ಎಂಬತ್ತು ಭಾಗಕ್ಕೂ ಹೆಚ್ಚು ನೀರೇ. ಹಸಿ ಹಣ್ಣನ್ನು ಯೀಸ್ಟ್ ಹಿಟ್ಟಿಗೆ ಹಾಕಿ ನಾದಿದರೆ ನಾದುತ್ತಾ ನಾದುತ್ತಾ ಅಂಬಲಿಯಾಗುತ್ತದೆ, ಬಣ್ಣವೂ ಸತ್ತ ನೇರಳೆ. ನಿಂಬೆರಸ ಸುರಿದರಂತೂ ಹಿಟ್ಟಿನ ನಾರು ಸಡಿಲಾಗಿ ಎಳೆದರೆ ಹರಿಯುತ್ತದೆ. ಮೂರು ಸಲ ಕೆಡಿಸಿದೆ, ಮೂರು ಸಲವೂ ಎಮ್ಮೆಗೆ ಹಬ್ಬ. ಕೊನೆಗೆ ದಾರಿ ತೋರಿಸಿದ್ದು ಅಯ್ಯಂಗಾರ್ ಬೇಕರಿಯ ದಿಲ್‌ಪಸಂದ್. ಅವರು ಕೊಬ್ಬರಿ ಹೂರಣವನ್ನು ಹಿಟ್ಟಿಗೆ ಕಲಸುತ್ತಾರೆಯೇ? ಒಳಗಿಟ್ಟು ಮುಚ್ಚುತ್ತಾರೆ. ನಾನೂ ಹಣ್ಣನ್ನು ಗಟ್ಟಿ ಜಾಮ್ ಮಾಡಿ ಒಳಗಿಟ್ಟೆ.

ಹಿಟ್ಟಿಗೆ ಮೈದಾ 300 ಗ್ರಾಂ, ಉಗುರುಬೆಚ್ಚಗಿನ ಹಾಲು 180 ಮಿಲಿ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಸಕ್ಕರೆ ಮತ್ತು ಬೆಣ್ಣೆ ತಲಾ 40 ಗ್ರಾಂ, ಉಪ್ಪು ಒಂದು ಟೀ ಚಮಚ, ನಿಂಬೆಯದು ಸಿಪ್ಪೆಯ ತುರಿ ಮಾತ್ರ. ಹೋಳಿಗೆ ಕಣಕ ನಾದುವ ತಾಳ್ಮೆಯಲ್ಲಿ ಹದಿನೈದು ನಿಮಿಷ ನಾದಬೇಕು. ಮಾರ್ಚಿನಲ್ಲಿ ಒಂದು ಗಂಟೆಗೆ ಎರಡರಷ್ಟಾಗುತ್ತದೆ. ಡಿಸೆಂಬರಿನಲ್ಲಿ ನಂದಿಬೆಟ್ಟದ ಕಡೆಯಿಂದ ಕುಳಿರ್ಗಾಳಿ ಬೀಸುವಾಗ ಎರಡೂವರೆ ಗಂಟೆಯಾದರೂ ಮಿಸುಕುವುದಿಲ್ಲ. ಆಗ ಆರಿದ ಓವನ್ನಿನೊಳಗೆ ಒಂದು ಚೊಂಬು ಬಿಸಿನೀರಿನ ಜೊತೆ ಇಟ್ಟು ಬಾಗಿಲು ಮುಚ್ಚುತ್ತೇನೆ. ಲಟ್ಟಿಸಿ, ಜಾಮ್ ಸವರಿ, ಚಾಪೆಯಂತೆ ಸುತ್ತಿ, ಉದ್ದಕ್ಕೆ ಸೀಳಿ ಜಡೆ ಹೆಣೆದರೆ ಬೆಂದ ಮೇಲೆ ಕಪ್ಪು ಗೆರೆಯೆದ್ದು ಕಾಣುತ್ತದೆ. ನಿಂಬೆರಸಕ್ಕೆ ಇಲ್ಲಿ ಕೊನೆಯ ಸರದಿ: ಪುಡಿಸಕ್ಕರೆಯಲ್ಲಿ ಕಲಸಿ, ಆರಿದ ಬ್ರೆಡ್ಡಿನ ಮೇಲೆ ಗೆರೆ ಬಿಡುವುದು.

ಜಾಮ್‌ಗೆ ಅರ್ಧ ಕಿಲೋ ಹಣ್ಣು, 200 ಗ್ರಾಂ ಸಕ್ಕರೆ, ಎರಡು ನಿಂಬೆಯ ರಸ. ಹಿಪ್ಪುನೇರಳೆಯಲ್ಲಿ ಪೆಕ್ಟಿನ್ ಕಡಿಮೆ, ತಾನಾಗಿ ಗಟ್ಟಿಯಾಗುವುದಿಲ್ಲ. ಎಸೆಯುವ ನಿಂಬೆಬೀಜವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಜೊತೆಗೆ ಕುದಿಸಿ, ಕೊನೆಯಲ್ಲಿ ಹಿಂಡಿ ತೆಗೆಯುತ್ತೇನೆ, ಪೆಕ್ಟಿನ್ ಅದರಲ್ಲಿದೆ. ಪಾತ್ರೆ ಸ್ಟೀಲಿನದೇ ಇರಲಿ, ಕಬ್ಬಿಣ, ಇಂಡಾಲಿಯಂ ಬೇಡ. ಪುಸ್ತಕದ ಅಳತೆಯಂತೆ 105 ಡಿಗ್ರಿಗೆ ಕಾಯಿಸಿ ಒಮ್ಮೆ ಬಾಟಲಿ ಪೂರ್ತಿ ಕಲ್ಲುಸಕ್ಕರೆ ಮಾಡಿದ್ದೇನೆ. ಇಲ್ಲಿ ನೀರೇ 97ರ ಹತ್ತಿರ ಕುದಿಯುತ್ತದೆ, ಹಾಗಾಗಿ ಜಾಮ್ 102ಕ್ಕೆ ಸಿದ್ಧ. ಥರ್ಮಾಮೀಟರ್ ಇಲ್ಲವೇ, ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಲ್ಲಿ ಗೆರೆ ಎಳೆಯಿರಿ, ಗೆರೆ ಕೂಡಿಕೊಳ್ಳದಿದ್ದರೆ ಇಳಿಸಿ.

ಲೆಮನ್ ಕರ್ಡ್ ಕೂಡ ಮಾಡಿದೆ, ಮೊಟ್ಟೆ, ಸಕ್ಕರೆ, ನಿಂಬೆರಸ, ಬೆಣ್ಣೆಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ತಿರುವುತ್ತಾ. ರುಚಿಯೇನೋ ಇತ್ತು. ಅತ್ತೆ ಬೆರಳಲ್ಲಿ ನೆಕ್ಕಿ, “ಅನ್ನ ಎಲ್ಲಮ್ಮಾ ಇದಕ್ಕೆ?” ಎಂದರು. ಮತ್ತೆ ಮಾಡಲಿಲ್ಲ.

ಕರೆಂಟಿನದು ಬೇರೆಯೇ ಪುರಾಣ. ಸಂಜೆ ವೋಲ್ಟೇಜು ಇಳಿದರೆ ಓವನ್ನಿನ ಗುಂಡಿ 180 ತೋರಿಸುತ್ತಿರುತ್ತದೆ, ಒಳಗಿರುವುದು 140. ಒಳಗೊಂದು ಥರ್ಮಾಮೀಟರ್ ತೂಗುಹಾಕಿದ ಮೇಲೆ ಈ ಮೋಸ ಗೊತ್ತಾಯಿತು. ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಬೇಯಿಸಿ ಮುಗಿಸುತ್ತೇನೆ. ಇಪ್ಪತ್ತನೇ ನಿಮಿಷದಲ್ಲಿ ಕರೆಂಟು ಹೋದರೆ ಬಾಗಿಲು ತೆಗೆಯದೆ ಕೂರುವುದೊಂದೇ ಉಪಾಯ. ಕೇಕು ಕುಸಿದರೆ ತುಂಡು ಮಾಡಿ, ಜಾಮ್ ಸವರಿ, ಮೇಲೆ ಕೊಬ್ಬರಿ ತುರಿ ಉದುರಿಸುತ್ತೇನೆ. ಬೇಕರಿಯ ಹನಿ ಕೇಕನ್ನು ಬಲ್ಲ ನಮ್ಮ ಜನ ಅದನ್ನೇ ಮೊದಲು ಖಾಲಿ ಮಾಡುತ್ತಾರೆ.

ಹಿಪ್ಪುನೇರಳೆ ಮುಗಿದ ಮೇಲೆ ಜೂನ್, ಜುಲೈನಲ್ಲಿ ನೇರಳೆ. ಬೀಜ ತೆಗೆಯುವುದು ಹಿಂಸೆ, ಒಗರು ಬೇರೆ. ಸಕ್ಕರೆ ಮುಂದಿಟ್ಟು ಮಾಡಿದರೆ ಪರವಾಗಿಲ್ಲ. ಅದಕ್ಕಿಂತ ಚಿಕ್ಕಬಳ್ಳಾಪುರದ ಬೆಂಗಳೂರು ಬ್ಲೂ ದ್ರಾಕ್ಷಿ ಮೇಲು. 2013ರಲ್ಲಿ ಭೌಗೋಳಿಕ ಸೂಚಕ (ಜಿಐ), ಅಂದರೆ ಈ ನೆಲದ ವಿಶೇಷ ಬೆಳೆ ಎಂಬ ಗುರುತು, ಸಿಕ್ಕ ಹಣ್ಣು ಅದು. ವೈನಿಗೆ, ಜ್ಯೂಸಿಗೆ ಹೋಗುವ ಆ ಘಮ ಓವನ್ನಿನಲ್ಲೂ ಉಳಿಯುತ್ತದೆ. ಬೀಜಕ್ಕೆಂದು ಸೀಳಿ, ಕತ್ತರಿಸಿದ ಮೈ ಮೇಲಾಗಿ ಒತ್ತುತ್ತೇನೆ. ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ದ್ರಾಕ್ಷಿಯೂ ಬೆರಿ, ನಿಂಬೆಯೂ ಬೆರಿಯೇ, ಸ್ಟ್ರಾಬೆರಿ ಅಲ್ಲವಂತೆ. ಇದನ್ನು ಹೇಳಿದಾಗ ಮಗಳು ನನ್ನನ್ನು ನಂಬಲಿಲ್ಲ.

ತಿಂಗಳಿಗೆ ಹತ್ತು ಹನ್ನೆರಡು ಆರ್ಡರು ಬರುತ್ತವೆ, ಹೆಚ್ಚಾಗಿ ಶಾಲೆಯ ಟೀಚರುಗಳದು, ಹುಟ್ಟುಹಬ್ಬದವು. ಹುಳು ಮನೆಯಲ್ಲಿದ್ದಾಗ ಮಾತ್ರ ಯಾರು ಕೇಳಿದರೂ ಇಲ್ಲ. ಹುಳುಮನೆಯ ಪಕ್ಕ ಒಗ್ಗರಣೆ ಘಾಟೇ ಬರಕೂಡದು ಎನ್ನುವ ಅತ್ತೆ, ಬೆಣ್ಣೆ ಕಂದುವ ವಾಸನೆಗೆ ಒಪ್ಪಾರೆಯೇ? ವಾದ ಮಾಡಿ ಸೋತಿದ್ದೇನೆ. ಎರಡು ಬೆಳೆಗಳ ನಡುವೆ, ಹುಳುಮನೆ ತೊಳೆದು ಸುಣ್ಣ ಬಳಿದು ಒಣಗುವ ದಿನಗಳೇ ನನ್ನ ಬೇಕರಿಯ ಸೀಸನ್ನು. ನಾಳಿದ್ದು ಎರಡನೇ ಜ್ವರ (ನಾವು ಪೊರೆ ಕಳಚುವುದಕ್ಕೆ ಹೇಳುವ ಹೆಸರು) ಕಳೆದ ಚಾಕಿ ಹುಳು, ಅಂದರೆ ಎಳೇ ಹುಳು, ಬರುತ್ತವೆ. ಇವತ್ತು ಕೊನೆಯ ಎರಡು ಜಡೆ ಬ್ರೆಡ್ಡು ಒಳಗಿವೆ, ಉಳಿದ ಮುಕ್ಕಾಲು ಕಿಲೋ ಹಣ್ಣು ತೊಟ್ಟು ಕತ್ತರಿಸಿ ಫ್ರೀಜರಿಗೆ ಹಾಕಿದ್ದಾಯಿತು. ಗೂಡು ಮಾರ್ಕೆಟ್ಟಿಗೆ ಹೋದ ಮರುದಿನ ಮತ್ತೆ ಓವನ್ನು ಹಚ್ಚುತ್ತೇನೆ.